ಐವತ್ತಾರನ್ನು ಎಂಬತ್ತೊಂದು ಎಂದು ಬರೆದ ಕೈ

ಶಹಾಬಾದ,
ಮೇ ೪೩, ೨೧೨೪

ಪೂಜ್ಯ ಕಾಶಮ್ಮ ಆಯಿಗೆ, ನಿಮ್ಮ ಮೊಮ್ಮಗನ ಮಗಳು ಜಗದೇವಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ಮೊದಲ ಮಳೆ ಬೀಳುವವರೆಗೂ ನಮ್ಮ ಕಡೆಯ ಜನ ಮೇ ತಿಂಗಳನ್ನೇ ಎಣಿಸುತ್ತ ಹೋಗುತ್ತಾರೆ. ಮಳೆ ಬಂದ ಮರುದಿನ ಜೂನ್ ಒಂದು. ಸರ್ಕಾರದ ಕ್ಯಾಲೆಂಡರ್ ಬೇರೆ ಇದೆ, ಅದನ್ನು ಯಾರೂ ನೋಡುವುದಿಲ್ಲ. ಮುಂದೆಯೂ ನಿಮಗೆ ಗೊತ್ತಿಲ್ಲದ ಕೆಲವು ಶಬ್ದಗಳು ಬರುತ್ತವೆ. ಅದಕ್ಕೆ ಈಗಲೇ ಕ್ಷಮೆ ಕೇಳುತ್ತೇನೆ.

ನೀವು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾಗಿನ ಒಂದು ನೋಟ್‌ಬುಕ್ಕು ನನ್ನ ಬಳಿ ಇದೆ. ಅದರ ಒಂದು ಪುಟದಲ್ಲಿ ನೀವು ಬರೆದಿದ್ದೀರಿ: ದಿನಾ ಹೋಗಿ ಬರಲು ನಲವತ್ತು ಕಿಲೋಮೀಟರು. ಅಂಗಳದಲ್ಲಿ ಚಾರ್ಜ್ ಮಾಡಲು ಜಾಗವಿದೆ. ಬ್ಯಾಟರಿ ನಮ್ಮ ಬಿಸಿಲು ತಡೆಯುತ್ತದೆಯೇ? ಕೊನೆಯಲ್ಲಿ, ಕರೆಂಟಿನ ಕಾರು ತಗೊಳ್ಳಲೋ ಬೇಡವೋ. ಮುಂದಿನ ಪುಟ ಹರಿದಿದೆ. ನೀವು ಏನು ಮಾಡಿದಿರೋ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಆ ಕಾರು ತಗೊಳ್ಳಿ, ಆಯಿ. ನಲವತ್ತು ಕಿಲೋಮೀಟರಿನ ದಿನಚರಿ, ಮನೆಯಲ್ಲೇ ಚಾರ್ಜು ಇದ್ದವರಿಗೆ ಅದರಷ್ಟು ಹಿತವಾದ ಗಾಡಿ ಇನ್ನೊಂದಿಲ್ಲ. ಆದರೆ ಕಂಪನಿಯವರು ಇಷ್ಟು ದೂರ ಓಡುತ್ತದೆ ಎಂದು ಹೇಳಿದ್ದರಲ್ಲಿ ಕಾಲು ಭಾಗವನ್ನಾದರೂ ಮನಸ್ಸಿನಲ್ಲೇ ಕಳೆದುಬಿಡಿ. ನಮ್ಮ ಬಿಸಿಲು ಮತ್ತು ಎ.ಸಿ. ಅಷ್ಟನ್ನು ತಿನ್ನುತ್ತವೆ. ಪೂರ್ತಿ ಚಾರ್ಜ್ ಮಾಡಿ ಬಿಸಿಲಲ್ಲಿ ನಿಲ್ಲಿಸಬೇಡಿ. ಹಳೆಯ ಗಾಡಿ ಕೊಳ್ಳುವುದಾದರೆ ಯಾವ ಕಾಗದವನ್ನೂ ನಂಬದೆ, ಪೂರ್ತಿ ಚಾರ್ಜ್ ಮಾಡಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು, ನಿಮ್ಮದೇ ದಾರಿಯಲ್ಲಿ ಮಧ್ಯಾಹ್ನದ ಹೊತ್ತು ಓಡಿಸಿ ನೋಡಿ.

ಕಾಗದ ನಂಬಬೇಡಿ ಎನ್ನುವ ನಾನೇ ಆ ಕಾಗದ ಬರೆಯುತ್ತಿದ್ದವಳು.

ನಮ್ಮ ಕಾಲದಲ್ಲಿ ಹೊಸ ಕಾರು ಅಪರೂಪ. ಒಂದೊಂದು ಕಾರು ಮೂರು ಮನೆ, ನಾಲ್ಕು ಮನೆ ದಾಟಿ ಬರುತ್ತದೆ. ಬಿಸಿಲಿನ ಕಾರಣ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಅಂಗಡಿ, ಶಾಲೆ ಎಲ್ಲ ಮುಚ್ಚಿರುತ್ತವೆ. ಕಾರುಗಳು ನೆರಳುಮನೆಗಳಲ್ಲಿ ನಿಂತಿರುತ್ತವೆ. ನೆರಳುಮನೆ ಎಂದರೆ ಶಹಾಬಾದ ಕಲ್ಲಿನ ಚಾವಣಿ ಹೊದಿಸಿದ ಓಣಿಯ ಶೆಡ್ಡು. ಮಕ್ಕಳು ಅಲ್ಲೇ ಆಡುತ್ತಾರೆ, ಹೆಂಗಸರು ಅಲ್ಲೇ ಜೋಳ ಹಸನು ಮಾಡುತ್ತಾರೆ. ಪೆಟ್ರೋಲಿನ ವಾಸನೆ ಹೇಗಿರುತ್ತದೆಂದು ಹೇಳಬಲ್ಲ ಮುದುಕರು ನಮ್ಮ ಊರಲ್ಲಿ ಇಬ್ಬರೋ ಮೂವರೋ ಇದ್ದಾರೆ. ಇಂಥ ಊರಲ್ಲಿ ಹಳೆಯ ಕಾರು ಕೈ ಬದಲಾಗುವಾಗ ಅದರ ಬ್ಯಾಟರಿಯನ್ನು ಅಳೆದು, ಹೊಸದರಲ್ಲಿ ನೂರಿದ್ದ ಶಕ್ತಿ ಈಗ ಎಷ್ಟು ಉಳಿದಿದೆ ಎಂದು ಬರೆದು ಸಹಿ ಹಾಕಬೇಕು. ಅದಕ್ಕೆ ಉಸಿರುಪತ್ರ ಎನ್ನುತ್ತೇವೆ. ಇಪ್ಪತ್ತೆರಡು ವರ್ಷ ನಾನು ಉಸಿರುಪತ್ರ ಬರೆದೆ. ಒಂದೇ ಒಂದರಲ್ಲಿ ಸುಳ್ಳು ಬರೆದೆ.

ನನ್ನ ತಮ್ಮ ರೇವಣ ಏನು ಕೈಗೆತ್ತಿಕೊಂಡರೂ ಅರ್ಧಕ್ಕೆ ಬಿಡುವವನು. ಹೋದ ವರ್ಷ ಹಳೆಯ ಕಾರುಗಳ ಅಂಗಡಿ ಹಾಕಿದ. ಐದು ತಿಂಗಳಾದರೂ ಒಂದೂ ಮಾರಾಟವಾಗಲಿಲ್ಲ. ಊಟಕ್ಕೆ ಕೂತರೆ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಕೊನೆಗೆ ಒಂದು ಬಿಳಿ ಕಾರಿಗೆ ಗಿರಾಕಿ ಸಿಕ್ಕಿತು. ನಾನು ಅಳೆದೆ. ಐವತ್ತಾರು ಬಂತು.

"ಅಕ್ಕಾ, ಐವತ್ತಾರಂದ್ರ ಯಾರೂ ತಗೋಳಂಗಿಲ್ಲ. ಇದೊಂದು ಹೋಗ್ಲಿ. ಮತ್ತ ಕೇಳಂಗಿಲ್ಲ," ಎಂದ ರೇವಣ.

ನಾನು ಎಂಬತ್ತೊಂದು ಎಂದು ಬರೆದೆ. ಕಾರಿನೊಳಗಿನ ಮೀಟರೂ ಅದೇ ಲೆಕ್ಕ ತೋರಿಸುವಂತೆ ಹೊಂದಿಸಿದೆ.

ಗಿರಾಕಿ ಬಸಲಿಂಗಪ್ಪ, ತಬಲಾ ಕಲಿಸುವ ಮೇಷ್ಟ್ರು. ಎಂಬತ್ತಮೂರು ವರ್ಷದ ತಾಯಿ ನಿಂಗಮ್ಮನನ್ನೂ ಕರೆದುಕೊಂಡು ಬಂದಿದ್ದರು. ಮೇಷ್ಟ್ರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಅಕ್ಕೋರೆ, ನಮ್ಮ ಚಿಕ್ಕವ್ವ ಬಸವಕಲ್ಯಾಣದಾಗ ಇರ್ತಾಳ. ಅವ್ವಗ ಬಿಸಿಲು ತಡಿಯಂಗಿಲ್ಲ. ಎ.ಸಿ. ಹಾಕ್ಕೊಂಡು ಒಂದೇ ಚಾರ್ಜಿನ್ಯಾಗ ಹೋಗ್ತದೇನ್ರಿ?"

ಸುಮಾರು ನೂರೈದು ಕಿಲೋಮೀಟರು. ಆ ಬ್ಯಾಟರಿ ಬಿಸಿಲಲ್ಲಿ ಎಂಬತ್ತೈದು ಕಿಲೋಮೀಟರಿಗಿಂತ ಹೆಚ್ಚು ಓಡದೆಂದು ನನಗೆ ಗೊತ್ತಿತ್ತು. ರೇವಣ ನನ್ನ ಮುಖವನ್ನೇ ನೋಡುತ್ತಿದ್ದ.

"ಆರಾಮ ಹೋಗ್ತದ್ರಿ," ಎಂದೆ.

ಆರು ವಾರಗಳ ನಂತರ ಬಸಲಿಂಗಪ್ಪನವರಿಗೆ ಬಸವಕಲ್ಯಾಣದಿಂದ ಫೋನು ಬಂತು. ಚಿಕ್ಕವ್ವನಿಗೆ ಉಸಿರಾಟ ಕಷ್ಟವಾಗಿದೆ, ಅಕ್ಕ ನಿಂಗಮ್ಮನನ್ನು ನೋಡಬೇಕೆನ್ನುತ್ತಿದ್ದಾಳೆ ಎಂದರು. ಬಸಲಿಂಗಪ್ಪ ತಾಯಿಯನ್ನು ಕೂರಿಸಿಕೊಂಡು ಬೆಳಿಗ್ಗೆ ಹತ್ತಕ್ಕೇ ಹೊರಟರು. ಕಮಲಾಪುರದಲ್ಲಿ ಚಾರ್ಜ್ ಮಾಡುವ ಜಾಗವಿದೆ. ಇಪ್ಪತ್ತು ನಿಮಿಷ ನಿಂತಿದ್ದರೆ ಸಾಕಿತ್ತು. ಆದರೆ ಮೀಟರು ಇನ್ನೂ ಬೇಕಾದಷ್ಟಿದೆ ಎಂದು ತೋರಿಸುತ್ತಿತ್ತು, ಪತ್ರದಲ್ಲಿ ಎಂಬತ್ತೊಂದು ಇತ್ತು. ಅವರು ನಿಲ್ಲಿಸಲಿಲ್ಲ. ಕಮಲಾಪುರ ದಾಟಿ ಇಪ್ಪತ್ತು ಕಿಲೋಮೀಟರಿಗೆ ಮೀಟರು ಮೂವತ್ತರಿಂದ ಒಮ್ಮೆಲೇ ಸೊನ್ನೆಗೆ ಬಿತ್ತು. ಕಾರು ನಿಂತಿತು. ಎಲ್ಲ ಮುಚ್ಚಿರುವ ಹೊತ್ತಾದ್ದರಿಂದ ದಾರಿಯಲ್ಲಿ ಬೇರೆ ಗಾಡಿ ಇರಲಿಲ್ಲ. ನಿಂಗಮ್ಮ ಬೇವಿನ ಮರದ ಬುಡದಲ್ಲಿ ಒದ್ದೆ ಸೆರಗು ತಲೆಯ ಮೇಲೆ ಹಾಕಿಕೊಂಡು ಮೂರು ಗಂಟೆ ಕೂತರು. ಹಾಲಿನ ವ್ಯಾನೊಂದು ಬಂದು ಅವರನ್ನು ಬಸವಕಲ್ಯಾಣಕ್ಕೆ ಮುಟ್ಟಿಸುವಾಗ ತಂಗಿ ತೀರಿಹೋಗಿ ಒಂದು ಗಂಟೆಯಾಗಿತ್ತು.

ಬಸಲಿಂಗಪ್ಪ ಜಗಳಕ್ಕೆ ಬರುತ್ತಾರೆಂದು ಕಾದೆ. ಹದಿನೈದು ದಿನ ಬಿಟ್ಟು ಬಂದರು. ತಗ್ಗಿದ ದನಿಯಲ್ಲಿ ಕೇಳಿದರು:

"ನನಗ ಓಡಿಸಾಕ ಬರಲಿಲ್ಲೇನ್ರಿ ಅಕ್ಕೋರೆ? ಎ.ಸಿ. ಭಾಳ ಹಾಕಿದ್ನೇನು? ಅವ್ವ ಸೆಕಿ ಅಂದ್ಲಂತ ಹಾಕಿದ್ದೆ."

ಆಗಲಾದರೂ ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ಹೌದ್ರಿ, ಎ.ಸಿ. ಭಾಳಾತಂದ್ರ ಹಿಂಗಾಗ್ತದ," ಎಂದೆ.

ಆಯಿ, ಉಸಿರುಪತ್ರದಲ್ಲಿ ಬರೆದ ಸುಳ್ಳಿಗಿಂತ ನನ್ನನ್ನು ಹೆಚ್ಚು ಸುಡುವುದು ಈ ಮಾತು. ಮೊದಲನೆಯದು ತಮ್ಮನಿಗಾಗಿ ಎಂದು ಹೇಳಿಕೊಳ್ಳಬಹುದು. ಇದು ನನಗಾಗಿ.

ಆ ಮೇಷ್ಟ್ರು ನನ್ನ ಮಾತನ್ನು ಮನೆಗೆ ಒಯ್ದರು. ತನ್ನ ಸೆಕೆಯಿಂದಲೇ ತಂಗಿಯ ಮುಖ ನೋಡುವುದು ತಪ್ಪಿತೆಂದು ನಿಂಗಮ್ಮ ತೀರ್ಮಾನಿಸಿದರು. ಅಂದಿನಿಂದ ಫ್ಯಾನು ಹಾಕಲು ಬಿಡುತ್ತಿಲ್ಲವಂತೆ, ಮೈತುಂಬ ಬೆವರುಸಾಲೆ ಎದ್ದಿದೆಯಂತೆ ಎಂದು ತಬಲಾ ಪಾಠಕ್ಕೆ ಹೋಗುವ ನನ್ನ ಮಗಳು ಬಂದು ಹೇಳಿದಳು. ಕೈಲಿದ್ದ ರೊಟ್ಟಿ ಹಾಗೇ ಬಿಟ್ಟು ಎದ್ದು ಅವರ ಮನೆಗೆ ಹೋದೆ.

ನಿಂಗಮ್ಮ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಐವತ್ತಾರು, ಎಂಬತ್ತೊಂದು, ಮೀಟರು, ಎಲ್ಲ ಹೇಳಿದೆ. ಬಸಲಿಂಗಪ್ಪ ಎದ್ದು ಒಳಗೆ ಹೋದರು. ಮುದುಕಿ ಗೋಡೆ ಬಿಟ್ಟು ನನ್ನತ್ತ ಬಾಗಿದರು.

"ಹಂಗಾದ್ರ ನನ್ನ ಸೆಕಿಯಿಂದ ಅಲ್ಲ?"

"ಅಲ್ಲ ಯವ್ವಾ."

"ಖರೇ ಹೇಳು. ಈಗರೆ ಖರೇ ಹೇಳು."

"ಖರೇನ. ಎ.ಸಿ. ಹಾಕದಿದ್ರೂ ಅದು ಮುಟ್ಟತಿರಲಿಲ್ಲ. ಕಮಲಾಪುರದಾಗ ನಿಂತು ಚಾರ್ಜ್ ಮಾಡಿದ್ರ ಮುಟ್ಟತಿತ್ತು. ನಿಲ್ಲದಂಗ ಮಾಡಿದಾಕಿ ನಾ."

ಅವರು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. "ಆ ಫ್ಯಾನ ಹಾಕಿ ಹೋಗು," ಎಂದರು. ಹಾಕಿ ಬಂದೆ. ಬಾಗಿಲು ದಾಟುವಾಗ ಹಿಂದಿನಿಂದ ಅಳು ಕೇಳಿಸಿತು.

ಮರುದಿನ ನನ್ನ ಸಹಿಯ ಮುದ್ರೆಯನ್ನು ಉಸಿರುಪತ್ರದ ಕಚೇರಿಗೆ ಒಪ್ಪಿಸಿ, ಮಾಡಿದ್ದನ್ನು ಬರೆದುಕೊಟ್ಟೆ. ರೇವಣ ಆ ಕಾರನ್ನು ವಾಪಸು ತಗೊಂಡು ಅಂಗಡಿ ಮುಚ್ಚಿದ. ಅವನು ನನ್ನ ಜೊತೆ ಮಾತಾಡುತ್ತಿಲ್ಲ. ಬಸಲಿಂಗಪ್ಪ ದಾರಿಯಲ್ಲಿ ಸಿಕ್ಕರೆ ತಲೆ ಆಡಿಸುತ್ತಾರೆ, ನಿಲ್ಲುವುದಿಲ್ಲ. ಈಗ ನಾನು ನೆರಳುಮನೆಯಲ್ಲಿ ಕೂತು, ಹಳೆಯ ಗಾಡಿ ಕೊಳ್ಳುವವರಿಗೆ ತಾವೇ ಪರೀಕ್ಷೆ ಮಾಡಿಕೊಳ್ಳುವುದನ್ನು ಹೇಳಿಕೊಡುತ್ತೇನೆ. ಕೆಲವರು ನನ್ನ ಹೆಸರು ಕೇಳಿ ಎದ್ದು ಹೋಗುತ್ತಾರೆ. ಅದೂ ಸರಿಯೇ.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಕಾರು ತಗೊಂಡು ಹತ್ತು ವರ್ಷ ಖುಷಿಯಿಂದ ಓಡಿಸಿದ ಮೇಲೆ, ಒಂದು ದಿನ ಅದನ್ನು ಮಾರಲು ನಿಲ್ಲುತ್ತೀರಿ. ಆಗ ಯಾರೋ ಒಬ್ಬರು ಬಂದು, ತಮ್ಮವರೊಬ್ಬರ ಊರಿನ ಹೆಸರು ಹೇಳಿ, ಅಲ್ಲಿಗೆ ಮುಟ್ಟುತ್ತದೆಯೇ ಎಂದು ಕೇಳುತ್ತಾರೆ. ಮುಟ್ಟದಿದ್ದರೆ ಮುಟ್ಟುವುದಿಲ್ಲ ಎಂದುಬಿಡಿ, ಆಯಿ. ಅವರು ಕೊಳ್ಳದೆ ಹೋದರೆ ಹೋಗಲಿ.

ನಿಮ್ಮ,
ಜಗದೇವಿ