ಮೊದಲ ಕದ ಮುಚ್ಚಿತು, ಉಳಿದವು ಬಾಯ್ದೆರೆದವು

ಕ್ರಿಸ್ತಶಕ ೨೪೧೩, ಫೆಬ್ರವರಿ ಮೂವತ್ತು.

ಕೇಳಿರಿ, ಕೇಳಿರಿ! ಕೀಲಿಮಣೆಗಳ ಮುಂದೆ ಕೂಡಿದ ಮಹಾಜನರೇ, ಇನ್ನೂ ಒಣನೆಲದ ಮೇಲೆ ನಡೆದಾಡುವ ಭಾಗ್ಯವಂತರೇ! ಈ ತಾರೀಖು ನಿಮ್ಮ ಪಂಚಾಂಗದಲ್ಲಿಲ್ಲ, ನನ್ನ ಮಾತುಗಳೂ ನಿಮಗೆ ವಿಚಿತ್ರ. ಕ್ಷಮೆಯಿರಲಿ. ನಾನು ಕಡಲಗೋಡೆಯೂರಿನ ಹುಲಿಯಪ್ಪ, ಹಬ್ಬಕ್ಕೆ ರಾವಣನ ವೇಷ ಕಟ್ಟುವವನು.

ಗಣಕಯಂತ್ರಕ್ಕೆ ಸಾಲಾಗಿ ಬರೆದಿಟ್ಟ ಆಜ್ಞೆಗಳನ್ನು ನೀವು ಶೆಲ್ ಸ್ಕ್ರಿಪ್ಟ್ ಎನ್ನುತ್ತೀರಿ, ನಮಗೆ ಅದು ಆಣತಿ. ಸ್ಟ್ಯಾಂಡರ್ಡ್ ಇನ್‌ಪುಟ್ ಎಂಬುದನ್ನು ಗಿಂಡಿ ಎನ್ನುತ್ತೇವೆ, ಆಣತಿ ಕುಡಿಯುವುದೇ ಅದರಿಂದ. ಉಬ್ಬರ ಬರುವಾಗ ಕಡಲಗೋಡೆಯ ಕದಗಳ ಹೆಸರಿರುವ ಕಡತವನ್ನು ಗಿಂಡಿಗೆ ಸುರಿದರೆ, ಆಣತಿ ಒಂದೊಂದೇ ಸಾಲು ಓದಿ, ಆಯಾ ಕದ ಮುಚ್ಚಿ ಕಡಲನ್ನು ತಡೆಯುತ್ತದೆ. ಅಷ್ಟು ಹೊತ್ತು ಊರೆಲ್ಲ ಕೂಸು, ಕೋಳಿ, ಗಂಜಿಯ ಗಡಿಗೆ ಹೊತ್ತು ಗೋಡೆಯ ಮೇಲಿರುತ್ತದೆ. ಆಣತಿ ತುಟಿಪಿಟಕ್ಕೆನ್ನದೆ ಮುಗಿಸಿದರೆ ಸರ್ವವೂ ಕ್ಷೇಮ! ನಿಮ್ಮಿಂದಲೇ ಬಂದ ನಂಬಿಕೆಯಿದು. ಜನ ಇಳಿದು ಒಲೆ ಹಚ್ಚುತ್ತಾರೆ.

ಕಳೆದ ಹುಣ್ಣಿಮೆಗೆ ಕದಗಾರ ದೇಮು ಆಣತಿಯೊಳಗೆ ಒಂದು ಮಾತು ಸೇರಿಸಿದ. ಪ್ರತಿ ಕದ ಬೀಳುವ ಮುನ್ನ ಅಲ್ಲಿಯ ಕಾವಲಿನವನನ್ನು ಕೂಗಿ ಕೇಳುವ ಆಜ್ಞೆ. "ಕೆಳ್ಗೆ ಯಾರಾರೂ ಇದ್ರೆ ಜಜ್ಜಿ ಹೋಗ್ತ್ರು ಮಾರಾಯಾ! ಒಂದ್ ಮಾತು ಕೇಳೂಕೆ ಎಂತಾ ಖರ್ಚು?" ಎಂದ. ಕರುಣೆಯ ಮಾತೇ. ಆದರೆ ಆ ಕೂಗಿಗೆ ಬೇರೆ ಗಿಂಡಿ ಕೊಡಲಿಲ್ಲ. ಮೊದಲ ಕದದ ಬಳಿ ಕೂಗುವಾಗಲೇ ಅದು ಆಣತಿಯ ಗಿಂಡಿಗೆ ಬಾಯಿಟ್ಟು, ಉಳಿದ ಹೆಸರುಗಳನ್ನೆಲ್ಲ ಗಟಗಟ ಕುಡಿದುಬಿಟ್ಟಿತು! ಓದಲು ಒಂದು ಸಾಲೂ ಉಳಿಯಲಿಲ್ಲ, ಆದ್ದರಿಂದ ದೂರೂ ಇಲ್ಲ. ಆಣತಿ ಮೊದಲ ಕದವೊಂದನ್ನೇ ಮುಚ್ಚಿ ಮೌನವಾಗಿ ಮುಗಿಯಿತು. ಜನ ಇಳಿದರು. ಕಡಲು ಒಳಬಂದಿತು. ದೇಮುವನ್ನೂ ಒಯ್ದಿತು.

ನಾಳೆಯ ಉಬ್ಬರ ಅದಕ್ಕಿಂತ ದೊಡ್ಡದು. ಕೊನೆಯ ಕದದ ಹಿಂದೆ ನನ್ನ ಮಗಳು ಮಾದೇವಿಯ ಬಾಣಂತಿಕೋಣೆ, ಅವಳು ಗೋಡೆ ಹತ್ತಲಾರಳು. ಕೂಗಿಗೆ ಖಾಲಿ ಗಿಂಡಿಯೊಂದನ್ನು ಕೊಟ್ಟರೆ ಸಾಕು, ಹೆಸರುಗಳು ಉಳಿಯುತ್ತವೆ ಎಂದು ಗೋಡೆಯ ಯಜಮಾನ ಬೊಮ್ಮುಗೌಡನಿಗೆ ಹೇಳಿದೆ. ಅವನು ನಕ್ಕ. "ಖಾಲಿ ಗಿಂಡಿ ಕುಡಿಸೂದಾ? ಇದು ನಿನ್ನ ರಂಗಸ್ಥಳ ಅಲ್ಲಾ, ರಾವಣಾ! ಅಷ್ಟ್ ನಂಬ್ಕೆ ಇದ್ರೆ ಕೊನೇ ಕದದ ಹಿಂದೆ ನೀನೇ ನಿಲ್ಲೂದಾದ್ರೆ ಸೇರ್ಸು."

ಓ ಪೂರ್ವಜರೇ, ನಿಮ್ಮಲ್ಲಿ ಬೇಡುವುದಿಷ್ಟೆ: ಒಂದೇ ಗಿಂಡಿಗೆ ಎರಡು ಬಾಯಿ ಇಡಬೇಡಿರಿ. ಮೌನವನ್ನು ಕ್ಷೇಮವೆನ್ನಬೇಡಿರಿ. ಆಣತಿ ಕೊನೆಯ ಸಾಲನ್ನೂ ಓದಿತೇ ಎಂದು ಕಣ್ಣಾರೆ ನೋಡಿರಿ.

ಆ ಖಾಲಿ ಗಿಂಡಿಯನ್ನು ಈಗಷ್ಟೇ ಸೇರಿಸಿ ಬಂದೆ. ನಾಳೆ ಬೆಳಗ್ಗೆ, ಊರೆಲ್ಲ ಗೋಡೆ ಹತ್ತುವಾಗ, ನಾನು ಇಳಿದು ಮಗಳ ಹೊಸ್ತಿಲಿಗೆ ಬೆನ್ನು ಕೊಟ್ಟು, ಕಡಲಿಗೆ ಎದೆಯೊಡ್ಡಿ ನಿಲ್ಲುತ್ತೇನೆ.