ಮಣ್ಣಿನ ಮನೆಯಲ್ಲಿ ಮೊದಲು ಮಲಗುವವನು

ಮುಡಬಿ, ಬಸವಕಲ್ಯಾಣ ತಾಲ್ಲೂಕು
ಫೆಬ್ರವರಿ 1994

ಅಕ್ಕಾ,

ಅಮ್ಮನಿಗೆ ಓದಿ ಹೇಳುವಾಗ, ಜ್ವರ ಬಿಟ್ಟಿದೆ, ಜೋಳದ ರೊಟ್ಟಿ ಒಗ್ಗಿದೆ ಎಂಬಲ್ಲಿಗೆ ನಿಲ್ಲಿಸು. ಉಳಿದದ್ದು ನಿನಗೆ.

ಭೂಕಂಪಕ್ಕೆ ಮನೆ ಬಿದ್ದವರಿಗೆಂದು ನಾವು ಕಟ್ಟುತ್ತಿದ್ದ ಮಾದರಿ ಮನೆ ಮುಗಿಯಿತು. ಇಲ್ಲಿಯ ಕಪ್ಪು ಮಣ್ಣು ಇಟ್ಟಿಗೆಗೆ ಆಗದು. ಹುಮನಾಬಾದ್ ಕಡೆಯಿಂದ ಕೆಂಪು ಮಣ್ಣು ತರಿಸಿ, ಚೂರು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿದೆವು. ಸುಡುವ ಕೆಲಸವಿಲ್ಲ, ಒಂದು ಕಟ್ಟಿಗೆಯೂ ಖರ್ಚಾಗಲಿಲ್ಲ. ಗೋಡೆ ಕಲ್ಲಿನಂತಿದೆ. ಆದರೆ ಒಳಗೆ ಕಾಲಿಡುವವರೇ ಇಲ್ಲ! ಕಿಲ್ಲಾರಿ ಭೂಕಂಪದಲ್ಲಿ ಮಣ್ಣಿನ ಗೋಡೆಯಡಿ ಅಷ್ಟು ಜನ ಸತ್ತ ಮೇಲೆ ಈ ಊರವರಿಗೆ ತಗಡಿನ ಶೆಡ್ಡೇ ಬೇಕು. ಮಧ್ಯಾಹ್ನ ಅದರಡಿ ಬೇಯುತ್ತಾರೆ, ಬೆಳಗಿನ ಜಾವ ನಡುಗುತ್ತಾರೆ. ನಕ್ಷೆ ತೋರಿಸಿದರೆ ತಲೆಯಾಡಿಸಿ ಮತ್ತೆ ಶೆಡ್ಡಿಗೇ ಹೋಗುತ್ತಾರೆ. ನನಗಂತೂ ಏನೂ ಅರ್ಥವಾಗುತ್ತಿಲ್ಲ.

ಈ ಮನೆ ಅಂಬುಬಾಯಿ ಎಂಬ ಅಜ್ಜಿಗೆ. ಅವರು ಮಗಳನ್ನು ಕೊಟ್ಟಿದ್ದು ಕಿಲ್ಲಾರಿಗೆ. "ಮಣ್ಣಂದ್ರ ಮಣ್ಣೇ ಅಲ್ಲೇನ್ರಿ ಸಾಹೇಬ್ರ? ಮೊದ್ಲ ನೀವ ಒಳಗ ಮಕ್ಕೊಂಡು ತೋರಸ್ರಿ" ಎಂದರು. ಒಪ್ಪಿದೆ. ಇವತ್ತೇ ಮಲಗಬೇಕು, ಹಾಸಿಗೆ ಒಳಗೆ ಹೋಗಿದೆ.

ಈಗ ಹೊಸ ತಕರಾರು. ನನ್ನ ಕಾಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ಅಜ್ಜಿ ಹೊರಗೆ ಮಲಗುತ್ತಾರಂತೆ. "ಗೋಡೆ ಬಿದ್ದರೆ ನನ್ನನ್ನು ಎಳೆಯೋಕಾ?" ಎಂದು ನಕ್ಕೆ. ಅವರು ನಗಲಿಲ್ಲ.

"ಎಳ್ಯಾಕ ಅಲ್ರಿ. ಎಲ್ಲಿ ಅಗೀಬೇಕಂತ ಗೊತ್ತಾಗ್ಬೇಕಲ್ರಿ."

ಕಟ್ಟಿಕೊಂಡರೆ ನನ್ನ ಗೋಡೆಯನ್ನು ನಾನೇ ನಂಬಿಲ್ಲ ಎಂದಾಗುತ್ತದೆ. ಬೇಡವೆನ್ನಲು ಬಾಯಿ ಬರುತ್ತಿಲ್ಲ. ಅಕ್ಕನಿಗೆ ಈ ಕಾರ್ಡು ಬರೆದು ಮುಗಿಸಿ ಹೇಳುತ್ತೇನೆ ಎಂದೆ. ಜಾಗ ಮುಗಿಯಿತು, ಅಜ್ಜಿ ಹಗ್ಗ ಹಿಡಿದು ಎದುರಿಗೇ ಕೂತಿದ್ದಾರೆ.

ನಿನ್ನ ತಮ್ಮ,
ಮರುಳಸಿದ್ಧ