ಒಗೆಯುವ ಕಲ್ಲಿನ ಬೆನ್ನು

ಅಪ್ಪಾ,

ನೀನಿದ್ದಿದ್ದರೆ ಓಡಿ ಬಂದು ಹೇಳುತ್ತಿದ್ದೆ. ಇವತ್ತು ನಮ್ಮ ಶಾಲೆಯ ಮಕ್ಕಳನ್ನು ಕೃಷ್ಣಗಿರಿಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ನೀನು ಕೊಟ್ಟ ವೀರಗಲ್ಲು ಅಲ್ಲೇ ನಿಂತಿದೆ. ಮಕ್ಕಳು ಅದರ ಮೇಲೆ ಕಾಗದವಿಟ್ಟು ಇದ್ದಿಲು ಉಜ್ಜಿದರು. ಮೊದಲು ಕತ್ತಿ, ಆಮೇಲೆ ಹುಲಿಯ ಬಾಲ, ಕೊನೆಗೆ ವೀರನ ಮೀಸೆ ಮೂಡಿದಾಗ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ.

ಆರನೇ ಕ್ಲಾಸಿನ ಸುಷ್ಮಾ ಕಲ್ಲಿನ ಹಿಂದೆ ಕೈಯಾಡಿಸಿದಳು. "ಮಿಸ್, ಇದ್ರ ಬೆನ್ನು ಯಾಕಿಷ್ಟು ನುಣ್ಣಗೈತೆ?"

"ನಮ್ಮನೆ ಬಟ್ಟೆ ಒಗ್ದು ಒಗ್ದು ಕಣಮ್ಮ. ನಮ್ಮಪ್ಪ ಒಂದಿನ ಮಗುಚಿದಾಗ ಈ ವೀರ ಸಿಕ್ದ. ಇಲ್ಲಿಗೆ ತಂದ್ಕೊಟ್ರು."

"ನಿಮ್ಗೆ ಖುಷಿ ಆಯ್ತಾ ಮಿಸ್?"

"ಹೂಂ," ಅಂದೆ.

ಒಗೆಯುವ ಕಲ್ಲು ಹೋಯಿತೆಂದು ನಾನು ನಿನ್ನ ಜೊತೆ ಮಾತು ಬಿಟ್ಟಿದ್ದನ್ನು ಹೇಳಲಿಲ್ಲ. ಅದು ನಮ್ಮಿಬ್ಬರಲ್ಲೇ ಇರಲಿ.